ಸೋಲು ಯಾರ ಹೆಸರಿಗೆ?

1983ರ ಜನವರಿ ತಿಂಗಳನ್ನು ಕರ್ನಾಟಕದ ಜನ ಸಾಮಾನ್ಯವಾಗಿ ನೆನೆಯುವುದು ಚುನಾವಣೆಯ ಕಾರಣಕ್ಕಾಗಿ. ರಾಜ್ಯದಲ್ಲಿ ಮೊಟ್ಟಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದ ತಿಂಗಳು ಅದು. ಆದರೆ ಭದ್ರಾವತಿಯ ಜನ್ನಾಪುರದಲ್ಲಿ ಆಗ ಹೈಸ್ಕೂಲಿನ ಹುಡುಗನಾಗಿದ್ದ ನನಗೆ ಆ ತಿಂಗಳು ನೆನಪಿರುವುದು ಬೇರೊಂದು ಸೋಲಿನಿಂದ. ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತು ರೇಡಿಯೋ ವಾರ್ತೆ ಕೇಳುತ್ತಿದ್ದರು. ಪಾಕಿಸ್ತಾನದಲ್ಲಿ ಭಾರತದ ಕ್ರಿಕೆಟ್ ತಂಡ ಒಂದರ ಮೇಲೊಂದು ಟೆಸ್ಟ್ ಪಂದ್ಯ ಸೋಲುತ್ತಿತ್ತು. ವಾರ್ತೆ ಮುಗಿದೊಡನೆ ಯಾರಾದರೊಬ್ಬರು, ಮನೆಯ ಮಗನನ್ನು ಬೈಯುವ ಸಲಿಗೆಯಲ್ಲಿ, "ನಮ್ಮ ವಿಶಿ ಕೈಕೊಟ್ಟುಬಿಟ್ಟ ಕಣಯ್ಯ" ಎನ್ನುತ್ತಿದ್ದರು. ಆ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. ಏಕೆಂದರೆ ಗುಂಡಪ್ಪ ರಂಗನಾಥ ವಿಶ್ವನಾಥರು 1949ರ ಫೆಬ್ರವರಿ 12ರಂದು ಹುಟ್ಟಿದ್ದು ಇದೇ ಭದ್ರಾವತಿಯಲ್ಲಿ.

ತಂಡವೊಂದು ಇಳಿಮುಖವಾದಾಗ, ಅದರ ಮುಖ್ಯ ಆಟಗಾರನೊಬ್ಬ ಅದೇ ಹೊತ್ತಿಗೆ ಸೊರಗಿದ್ದರೆ, ಸೋಲಿನ ಅಪರಾಧವನ್ನು ಅವನ ಹೆಸರಿಗೆ ಬರೆಯುವುದು ನ್ಯಾಯವೆ? ಅಂದಿನಿಂದ ನನ್ನನ್ನು ಬಿಡದ ಪ್ರಶ್ನೆ ಇದು. ಇದನ್ನು ಆಟದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಮನೆ, ಕಚೇರಿ, ಕಾರ್ಖಾನೆ, ಸರ್ಕಾರ, ಎಲ್ಲ ಕಡೆಯೂ ನಾವು ನಿತ್ಯ ಕೊಡುತ್ತಿರುವ ತೀರ್ಪು ಇದೇ ಬಗೆಯದು.

ಮೊದಲು ಆರೋಪಿಯ ಪರಿಚಯ ಆಗಬೇಕು. ಗಿಡ್ಡ ಮೈಕಟ್ಟಿನ ಈ ದಾಂಡಿಗ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಆಟ ಕಲಿತು, 1967-68ರಲ್ಲಿ ಮೈಸೂರು ರಾಜ್ಯದ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಎದುರು 230 ರನ್ನು ಹೊಡೆದರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಿದಾಗ, ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮುಂದಿನ ಹದಿಮೂರು ವರ್ಷಗಳಲ್ಲಿ 91 ಟೆಸ್ಟ್‌ಗಳು, 6,080 ರನ್ನು, 14 ಶತಕಗಳು. ಅವುಗಳಲ್ಲಿ 87 ಪಂದ್ಯಗಳನ್ನು ನಡುವೆ ಒಂದನ್ನೂ ತಪ್ಪಿಸಿಕೊಳ್ಳದೆ ಆಡಿದರು. ಅವರು ಶತಕ ಬಾರಿಸಿದ ಹದಿನಾಲ್ಕು ಟೆಸ್ಟ್‌ಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ಮಣಿಕಟ್ಟನ್ನು ತಿರುಗಿಸಿ ಹೊಡೆಯುವ ಆ ಸ್ಕ್ವೇರ್ ಕಟ್ಟನ್ನು ಕಂಡವರು ಅಂಕಿಗಳನ್ನು ಮರೆತಿರಬಹುದು, ಹೊಡೆತವನ್ನು ಮರೆತಿಲ್ಲ.

ಇನ್ನು ಆರೋಪ. 1982ರ ಡಿಸೆಂಬರಿನಿಂದ 1983ರ ಫೆಬ್ರವರಿಯವರೆಗೆ ಪಾಕಿಸ್ತಾನದಲ್ಲಿ ನಡೆದ ಆರು ಟೆಸ್ಟ್‌ಗಳಲ್ಲಿ ಭಾರತ ಮೂರನ್ನು ಸೋತಿತು, ಒಂದನ್ನೂ ಗೆಲ್ಲಲಿಲ್ಲ. ಆ ಆರು ಪಂದ್ಯಗಳಿಂದ ವಿಶ್ವನಾಥರು ಒಟ್ಟು ನೂರೈವತ್ತು ರನ್ನುಗಳನ್ನೂ ಮುಟ್ಟಲಿಲ್ಲ. ಕರಾಚಿಯ ಪಂದ್ಯದ ಎರಡನೆಯ ಸರದಿಯಲ್ಲಿ ಒಂದು ವಿಕೆಟ್ಟಿಗೆ 102 ರನ್ನು ಮಾಡಿದ್ದ ಭಾರತ, ನೋಡುನೋಡುತ್ತಿದ್ದಂತೆ ಏಳು ವಿಕೆಟ್ಟಿಗೆ 114 ಆಯಿತು. ಆ ಕುಸಿತದಲ್ಲಿ ವಿಶ್ವನಾಥರು ಹೊರಗೆ ಹೋಗುವುದೆಂದು ನಂಬಿ, ಬ್ಯಾಟೆತ್ತಿ ಬಿಟ್ಟ ಇಮ್ರಾನ್ ಖಾನರ ಚೆಂಡು ಒಳಕ್ಕೆ ನುಗ್ಗಿ ಗೂಟವನ್ನು ಉರುಳಿಸಿತು. ಸರಣಿ ಮುಗಿದ ಮೇಲೆ ಗವಾಸ್ಕರರ ನಾಯಕತ್ವ ಹೋಯಿತು. ವಿಶ್ವನಾಥರ ಸ್ಥಾನವೂ ಹೋಯಿತು. ಅವರು ಮತ್ತೆಂದೂ ಭಾರತದ ಪರ ಟೆಸ್ಟ್ ಆಡಲಿಲ್ಲ. ಆಗ ಅವರಿಗೆ ಮೂವತ್ತನಾಲ್ಕು ವರ್ಷ.

ಅವರು ವಿಫಲರಾದದ್ದು ನಿಜವೆ? ನಿಜ. ಊರಿನ ಅಭಿಮಾನದಿಂದ ಇದನ್ನು ಮುಚ್ಚಿಡುವುದು ಅವರಿಗೂ ಗೌರವವಲ್ಲ. ಆದರೆ ಒಬ್ಬನು ಸೋತ ಎಂಬುದು ಒಂದು ಮಾತು, ಅವನಿಂದ ಎಲ್ಲರೂ ಸೋತರು ಎಂಬುದು ಇನ್ನೊಂದು ಮಾತು. ಮೊದಲನೆಯದಕ್ಕೆ ಸಾಕ್ಷಿ ಸಿಕ್ಕೊಡನೆ ಎರಡನೆಯದೂ ಸಿದ್ಧವಾಯಿತೆಂದು ನಾವು ತಿಳಿಯುತ್ತೇವೆ. ಆ ಎರಡರ ನಡುವೆ ಎಷ್ಟು ದೂರವಿದೆಯೆಂಬುದನ್ನು ಸ್ವಲ್ಪ ಅಳೆದು ನೋಡೋಣ.

ಲೆಕ್ಕದಿಂದಲೇ ಆರಂಭಿಸಬಹುದು. ಕರಾಚಿಯಲ್ಲಿ ಭಾರತ ಗಳಿಸಿದ್ದು 169 ಮತ್ತು 197. ಪಾಕಿಸ್ತಾನ ಒಂದೇ ಸರದಿಯಲ್ಲಿ 452. ಸೋಲು ಒಂದು ಇನಿಂಗ್ಸ್ ಮತ್ತು 86 ರನ್ನುಗಳಿಂದ. ವಿಶ್ವನಾಥರು ಆ ಪಂದ್ಯದಲ್ಲಿ ಗಳಿಸಿದ್ದರ ಮೇಲೆ ಇನ್ನೂ ಒಂದು ಪೂರ್ಣ ಶತಕವನ್ನು ನಾವೇ ಕೈಯಾರೆ ಸೇರಿಸೋಣ. ಆಗಲೂ ಪಾಕಿಸ್ತಾನಕ್ಕೆ ಗೆಲ್ಲಲು ಬೇಕಾಗುತ್ತಿದ್ದುದು 15 ರನ್ನು. ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಭಾರತದ್ದು 189 ಮತ್ತು 273; ಪಾಕಿಸ್ತಾನದ್ದು ಮೂರೇ ವಿಕೆಟ್ಟಿಗೆ 581. ಅಲ್ಲಿ ಮಿಯಾಂದಾದ್ 280 ರನ್ನು ಹೊಡೆದು ಔಟಾಗದೆ ಉಳಿದರೆ, ಮುದಸ್ಸರ್ ನಜರ್ 231 ಹೊಡೆದರು. ಅವರಿಬ್ಬರೂ ಮೂರನೆಯ ವಿಕೆಟ್ಟಿಗೆ ಸೇರಿಸಿದ್ದು 451. ಸೋಲು ಒಂದು ಇನಿಂಗ್ಸ್ ಮತ್ತು 119 ರನ್ನುಗಳಿಂದ. ಇಲ್ಲಿಯೂ ಒಂದು ಶತಕವನ್ನು ದಾನವಾಗಿ ಕೊಟ್ಟರೆ, ಸೋಲು ಇನಿಂಗ್ಸ್ ಮತ್ತು 19 ರನ್ನಿಗೆ ಇಳಿಯುತ್ತದೆಯೇ ಹೊರತು ತಪ್ಪುವುದಿಲ್ಲ. ಫೈಸಲಾಬಾದಿನ ಕಥೆ ಮಾತ್ರ ಬೇರೆ. ಅಲ್ಲಿ ಭಾರತ 372 ಮತ್ತು 286 ಮಾಡಿತು, ಗವಾಸ್ಕರರು ಕೊನೆಯವರೆಗೂ ಔಟಾಗದೆ 127 ಹೊಡೆದರು. ಇನ್ನೊಬ್ಬರು ಜೊತೆಗೆ ನಿಂತಿದ್ದರೆ ಪಂದ್ಯ ಉಳಿಯಬಹುದಾಗಿತ್ತು. ಆ ಇನ್ನೊಬ್ಬರು ವಿಶ್ವನಾಥರು ಆಗಬಹುದಿತ್ತು ಎಂಬುದನ್ನು ಒಪ್ಪಲೇಬೇಕು. ಆದರೆ ಅದೇ ಪಂದ್ಯದಲ್ಲಿ ಪಾಕಿಸ್ತಾನ 652 ರನ್ನು ಮಾಡಿತ್ತು, ಅದರ ನಾಲ್ವರು ಶತಕ ಹೊಡೆದಿದ್ದರು ಎಂಬುದನ್ನೂ ಮರೆಯಬಾರದು.

ಹೀಗೆ ಲೆಕ್ಕ ಹಾಕುತ್ತ ಹೋದಂತೆ ನಮ್ಮ ಕಣ್ಣು ಬ್ಯಾಟಿನಿಂದ ಚೆಂಡಿನ ಕಡೆಗೆ ಹೊರಳುತ್ತದೆ. ಆ ಸರಣಿಯಲ್ಲಿ ಮುದಸ್ಸರ್ 761, ಜಹೀರ್ ಅಬ್ಬಾಸ್ 650, ಮಿಯಾಂದಾದ್ 594 ರನ್ನು ಮಾಡಿದರು. ಇವರನ್ನು ತಡೆಯಬೇಕಾಗಿದ್ದ ಭಾರತದ ಬೌಲಿಂಗ್ ಯಾವ ಸ್ಥಿತಿಯಲ್ಲಿತ್ತು? ಪ್ರಸನ್ನರ ಕೊನೆಯ ಟೆಸ್ಟ್ 1978ರಲ್ಲಿ ಆಗಿಹೋಗಿತ್ತು. ಬೇಡಿ, ಚಂದ್ರಶೇಖರರ ಕಾಲ 1979ರಲ್ಲಿ ಮುಗಿದಿತ್ತು. ಹತ್ತು ಹನ್ನೆರಡು ವರ್ಷ ನಮ್ಮ ಬೆನ್ನೆಲುಬಾಗಿದ್ದ ಸ್ಪಿನ್ನರುಗಳ ಜಾಗ ಇನ್ನೂ ತುಂಬಿರಲಿಲ್ಲ. ವೇಗದ ಬೌಲಿಂಗಿನ ಭಾರವೆಲ್ಲ ಒಬ್ಬ ಕಪಿಲ್ ದೇವರ ಹೆಗಲ ಮೇಲಿತ್ತು. ಈ ಕೊರತೆ ವಿಶ್ವನಾಥರ ಬ್ಯಾಟಿನಿಂದ ಹುಟ್ಟಿದ್ದಲ್ಲ, ಅವರ ಬ್ಯಾಟಿನಿಂದ ಮುಚ್ಚುವಂಥದೂ ಆಗಿರಲಿಲ್ಲ.

ಇನ್ನೊಂದು ಕಡೆ ಇಮ್ರಾನ್ ಖಾನರು ಆರು ಟೆಸ್ಟ್‌ಗಳಲ್ಲಿ 40 ವಿಕೆಟ್ ತೆಗೆದರು. ಅವರ ಕೈಯಲ್ಲಿದ್ದ ವಿದ್ಯೆ ಕ್ರಿಕೆಟ್ ಲೋಕಕ್ಕೆ ಆಗ ಇನ್ನೂ ಹೊಸದು. ಹೊಸ ಚೆಂಡು ಹೊಳಪಿಲ್ಲದ ಮೈಯ ಕಡೆಗೆ ಬಾಗುತ್ತದೆಯೆಂಬುದು ಬ್ಯಾಟುಗಾರರೆಲ್ಲ ಬಾಲ್ಯದಿಂದ ಕಲಿತ ಪಾಠ. ಆದರೆ ಚೆಂಡು ಹಳತಾಗಿ, ಒಂದು ಮೈ ತರಿತರಿಯಾಗಿ, ಇನ್ನೊಂದನ್ನು ಉಜ್ಜಿ ಉಜ್ಜಿ ನುಣುಪಾಗಿಟ್ಟು, ಅತಿ ವೇಗದಲ್ಲಿ ಎಸೆದಾಗ ಅದು ತಿರುಗುಮುರುಗಾಗಿ ಹೊಳೆಯುವ ಮೈಯ ಕಡೆಗೇ, ಅದೂ ಕೊನೆಯ ಕ್ಷಣದಲ್ಲಿ, ಬಾಗುತ್ತದೆ. ಇಂದು ಶಾಲೆಯ ಹುಡುಗರೂ ರಿವರ್ಸ್ ಸ್ವಿಂಗ್ ಎಂದು ಹೆಸರಿಡಿದು ಹೇಳುವ ಈ ವಿದ್ಯೆಯನ್ನು ಸರ್ಫರಾಜ್ ನವಾಜರು ಪಳಗಿಸಿದರು, ಇಮ್ರಾನ್ ಖಾನರು ಅಸ್ತ್ರವಾಗಿಸಿದರು. ಕಣ್ಣಿನ ಹದವನ್ನೇ ನೆಚ್ಚಿ ಆಡುವ, ಚೆಂಡನ್ನು ಆದಷ್ಟು ತಡವಾಗಿ ಆಡುವ ಕಲಾವಿದನಿಗೆ ಇದರಷ್ಟು ಕ್ರೂರವಾದ ಮೋಸ ಬೇರೆ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆ ನಿಜವೇ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಆಗ ಎಷ್ಟು ಚೆನ್ನಾಗಿ ಕುಣಿಯಬಲ್ಲವಳೂ ಎಡವುತ್ತಾಳೆ.

ಅದೇ ನೆಲದ ಮೇಲೆ ಮೊಹಿಂದರ್ ಅಮರನಾಥರು 584 ರನ್ನು ಹೊಡೆಯಲಿಲ್ಲವೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಅವರು ಹೊಡೆದರು, ವಿಶ್ವನಾಥರಿಂದ ಆಗಲಿಲ್ಲ. ಆ ವ್ಯತ್ಯಾಸ ವಿಶ್ವನಾಥರ ಪಾಲಿನದು. ಆದರೆ ಮೊಹಿಂದರರ ಮುಂದಿನ ಕಥೆಯನ್ನೂ ಕೇಳಬೇಕು. ಅವರು ಆ ಪ್ರವಾಸದ ಬೆನ್ನಿಗೇ ವೆಸ್ಟ್ ಇಂಡೀಸಿನಲ್ಲಿ 598 ರನ್ನು ಮಾಡಿ ಜಗತ್ತಿನ ಅತಿ ಧೀರ ದಾಂಡಿಗರಲ್ಲಿ ಒಬ್ಬರೆನಿಸಿದರು. ಅದೇ 1983ರ ಕೊನೆಗೆ ವೆಸ್ಟ್ ಇಂಡೀಸ್ ತಂಡ ನಮ್ಮ ನಾಡಿಗೆ ಬಂದಾಗ, ಅದೇ ಮೊಹಿಂದರರು ಆರು ಸರದಿಗಳಲ್ಲಿ ಗಳಿಸಿದ್ದು ಒಟ್ಟು ಒಂದು ರನ್ನು! ಅವರನ್ನು ಕೈಬಿಟ್ಟರು. ಮರುವರ್ಷ ಮತ್ತೆ ಕರೆದರು. ಲಾಹೋರಿನಲ್ಲಿ ಅವರು ಔಟಾಗದೆ 101 ಹೊಡೆದು ಉತ್ತರ ಕೊಟ್ಟರು. ವಿಶ್ವನಾಥರಿಗಿಂತ ಅವರು ಚಿಕ್ಕವರು ನಿಜ, ಆದರೆ ಎರಡು ವರ್ಷವೂ ಚಿಕ್ಕವರಲ್ಲ. ಒಬ್ಬರ ಕುಸಿತವನ್ನು ಕೆಟ್ಟ ಕಾಲವೆಂದೂ ಇನ್ನೊಬ್ಬರ ಕುಸಿತವನ್ನು ಮುಪ್ಪೆಂದೂ ಕರೆದದ್ದು ಆಯ್ಕೆ ಸಮಿತಿಯ ಅಂದಾಜು. ಅಂದಾಜು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಅಂದಾಜು, ತೀರ್ಪಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ರೋಗಕ್ಕೆ ಇದೇ ಕಾರಣ ಎಂದು ವೈದ್ಯರು ಹೇಳಬೇಕಾದರೆ ಎರಡು ಪರೀಕ್ಷೆಗಳಿವೆ. ಕಾರಣವು ರೋಗಕ್ಕಿಂತ ಮೊದಲು ಬಂದಿರಬೇಕು; ಕಾರಣವನ್ನು ತೆಗೆದರೆ ರೋಗ ಇಳಿಯಬೇಕು. ಭಾರತ 1981ರ ಕೊನೆಯಲ್ಲಿ ಇಂಗ್ಲೆಂಡಿನ ಎದುರು ಮುಂಬಯಿಯಲ್ಲಿ ಒಂದು ಟೆಸ್ಟ್ ಗೆದ್ದಿತು. ಮುಂದಿನ ಟೆಸ್ಟ್ ಗೆಲುವಿಗಾಗಿ 1984ರ ಕೊನೆಯವರೆಗೆ ಕಾಯಬೇಕಾಯಿತು. ಈ ಬರಗಾಲದ ಮೊದಲ ತಿಂಗಳುಗಳಲ್ಲಿ ವಿಶ್ವನಾಥರು ಸೊರಗಿರಲಿಲ್ಲ. 1982ರ ಜನವರಿಯಲ್ಲಿ ಮದರಾಸಿನಲ್ಲಿ ತಮ್ಮ ಜೀವನದ ಅತಿ ದೊಡ್ಡ ಮೊತ್ತವಾದ 222 ರನ್ನು ಬಾರಿಸಿದ್ದರು. ಅವರನ್ನು ಕೈಬಿಟ್ಟ ಮೇಲೂ ಬರಗಾಲ ನಿಲ್ಲಲಿಲ್ಲ. ವೆಸ್ಟ್ ಇಂಡೀಸಿನಲ್ಲಿ ಭಾರತ ಎರಡು ಟೆಸ್ಟ್ ಸೋತಿತು, ತಾಯ್ನಾಡಿನಲ್ಲಿ ಮೂರು ಸೋತಿತು. ನಡುವೆ 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ ಗೆದ್ದ ಬೆರಗು ಇದೆ. ಅದು ಒಂದು ದಿನದ ಆಟದ ಮಾತು. ಐದು ದಿನದ ಆಟದಲ್ಲಿ ರೋಗ ಅವರಿಗಿಂತ ಮೊದಲೇ ಬಂದಿತ್ತು, ಅವರು ಹೋದ ಮೇಲೂ ಉಳಿದಿತ್ತು. ಎರಡು ಪರೀಕ್ಷೆಗಳಲ್ಲಿಯೂ ಆರೋಪ ನಿಲ್ಲುವುದಿಲ್ಲ.

ಹಾಗಿದ್ದರೂ ನಮಗೆ ಒಬ್ಬನೇ ಏಕೆ ಬೇಕು? ಇದರ ಮೂಲ ಸೋಲಿನಲ್ಲಿಲ್ಲ, ನಮ್ಮ ಗೆಲುವಿನಲ್ಲಿದೆ ಎಂದು ನನಗೆ ತೋರುತ್ತದೆ. 1975ರ ಜನವರಿಯ ಮದರಾಸು ಟೆಸ್ಟನ್ನು ನೆನೆಯಿರಿ. ಆಂಡಿ ರಾಬರ್ಟ್ಸರ ಬೆಂಕಿಯಂಥ ಎಸೆತಗಳ ಮುಂದೆ ಭಾರತ 190ಕ್ಕೆ ಮುಗಿಯಿತು. ಅದರಲ್ಲಿ ಔಟಾಗದೆ 97 ವಿಶ್ವನಾಥರದು. ಶತಕವಲ್ಲದಿದ್ದರೂ ಭಾರತದ ನೆಲದಲ್ಲಿ ಆಡಿದ ಅತಿ ಶ್ರೇಷ್ಠ ಸರದಿಗಳಲ್ಲಿ ಒಂದೆಂದು ಅದನ್ನು ಎಲ್ಲರೂ ಕೊಂಡಾಡುತ್ತಾರೆ. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ವಿಶಿ ಗೆಲ್ಲಿಸಿದ ಪಂದ್ಯ ಎಂದು ನಾವು ಇಂದಿಗೂ ಹೇಳುತ್ತೇವೆ. ಆದರೆ ವೆಸ್ಟ್ ಇಂಡೀಸನ್ನು 192 ಮತ್ತು 154ಕ್ಕೆ ಕೆಡವಿದವರು ಯಾರು? ಬೌಲರುಗಳು. ಕರಾಚಿಯಲ್ಲಿ ರನ್ನು ಸೇರಿಸಿ ನೋಡಿದಂತೆ ಇಲ್ಲಿ ಕಳೆದು ನೋಡಿದರೆ, ಅವರ 97ನ್ನು ಪೂರ್ತಿ ತೆಗೆದುಹಾಕಿದರೂ ಕಾಗದದ ಮೇಲೆ ಭಾರತ 3 ರನ್ನುಗಳಿಂದ ಗೆಲ್ಲುತ್ತದೆ! ಹಾಗೆಂದು ಆ ಆಟ ವ್ಯರ್ಥವಾಯಿತೆಂದು ಹೇಳುವ ಮೂರ್ಖ ಯಾರೂ ಇಲ್ಲ. ಅವರು ಒಂದು ತುದಿಯಲ್ಲಿ ನಿಂತದ್ದರಿಂದ ಜೊತೆಗಾರರಿಗೆ ಬಂದ ಧೈರ್ಯ, ಎದುರಾಳಿಗೆ ಬಂದ ಬೇಸರ, ಇವುಗಳಿಗೆ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ.

ಅದೇ ನ್ಯಾಯ ಸೋಲಿಗೂ ಅನ್ವಯಿಸುತ್ತದೆ. ನಾಲ್ಕನೆಯ ಕ್ರಮಾಂಕದಲ್ಲಿ ಬರುವ ಹಿರಿಯ ದಾಂಡಿಗ ಬೇಗ ಹಿಂದಿರುಗಿದರೆ ಬಿಡಾರದಲ್ಲಿ ಕುಳಿತ ಕಿರಿಯರ ಎದೆ ನಡುಗುತ್ತದೆ. ಆ ನಷ್ಟವೂ ಅಂಕಿಗೆ ಸಿಗದು. ಆದ್ದರಿಂದ ಲೆಕ್ಕ ಹೇಳುವುದೇ ಪೂರ್ಣ ಸತ್ಯವೆಂದು ನಾನು ವಾದಿಸಲಾರೆ. ಹೇಳಬಹುದಾದದ್ದು ಇಷ್ಟು: ಗೆಲುವಿನಲ್ಲಿ ಅವರಿಗೊಂದು ಪಾಲಿತ್ತು, ಸೋಲಿನಲ್ಲಿಯೂ ಒಂದು ಪಾಲಿತ್ತು. ಗೆಲುವಿನ ದಿನ ಹನ್ನೊಂದು ಜನರ ಪಾಲನ್ನೂ ಕಿತ್ತು ಒಬ್ಬರ ಕೊರಳಿಗೆ ಹಾರವಾಗಿ ಹಾಕಿದವರು ನಾವೇ. ಸೋಲಿನ ದಿನ ಅದೇ ಕೊರಳಿಗೆ ಕಲ್ಲು ಕಟ್ಟುವವರೂ ನಾವೇ. ಗೆದ್ದೆತ್ತಿನ ಬಾಲ ಹಿಡಿಯುವ ಕೈಯೇ ಬಿದ್ದೆತ್ತಿಗೆ ಬಾರುಕೋಲು ಎತ್ತುತ್ತದೆ.

ಇದು ನಮ್ಮ ನಾಡಿನವರ ದೌರ್ಬಲ್ಯ ಮಾತ್ರವಲ್ಲ. 1950ರ ಜುಲೈ 16ರಂದು ಬ್ರೆಜಿಲ್ ದೇಶ ತನ್ನ ನೆಲದಲ್ಲಿ, ರಿಯೋ ನಗರದ ಮರಕಾನಾ ಮೈದಾನದಲ್ಲಿ, ಡ್ರಾ ಮಾಡಿಕೊಂಡಿದ್ದರೂ ವಿಶ್ವ ಫುಟ್‌ಬಾಲ್ ಪ್ರಶಸ್ತಿ ದೊರೆಯುತ್ತಿದ್ದ ಪಂದ್ಯವನ್ನು ಉರುಗ್ವೆಗೆ ಎರಡು-ಒಂದು ಗೋಲುಗಳಿಂದ ಸೋತಿತು. ಸೋತವರು ಹನ್ನೊಂದು ಜನ. ಅಪರಾಧ ಗೋಲು ಕಾಯುತ್ತಿದ್ದ ಬಾರ್ಬೋಸಾ ಎಂಬ ಒಬ್ಬರ ಪಾಲಿಗೆ ಬಂತು. ಅವರು 2000ನೇ ಇಸವಿಯಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಐವತ್ತು ವರ್ಷ, ಆ ಹೊರೆ ಇಳಿಯಲಿಲ್ಲ.

ನಮ್ಮ ಹಳೆಯ ಕಾವ್ಯಗಳು ಈ ವಿಷಯದಲ್ಲಿ ನಮಗಿಂತ ಜಾಣತನ ತೋರಿಸಿವೆ. ಕರ್ಣ ಏಕೆ ಸತ್ತ? ಭಾರತದ ಕಥೆ ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಪರಶುರಾಮನ ಶಾಪ, ಬ್ರಾಹ್ಮಣನ ಶಾಪ, ಇಂದ್ರನಿಗೆ ಕೊಟ್ಟ ಕವಚಕುಂಡಲ, ಕುಂತಿಗೆ ಕೊಟ್ಟ ಮಾತು, ಸಾರಥಿ ಶಲ್ಯನ ಚುಚ್ಚುನುಡಿ, ನೆಲ ನುಂಗಿದ ಗಾಲಿ, ಕೊನೆಗೆ ಅರ್ಜುನನ ಬಾಣ. ಕರ್ಣನ ಸ್ವಂತ ತಪ್ಪೂ ಆ ಪಟ್ಟಿಯಲ್ಲಿದೆ, ಆದರೆ ಪಟ್ಟಿಯೆಲ್ಲ ಅದೊಂದೇ ಅಲ್ಲ. ದುರ್ಯೋಧನನಾದರೋ ಭೀಷ್ಮ, ದ್ರೋಣ, ಕರ್ಣ, ಶಲ್ಯ ಎಂದು ಒಬ್ಬರಾದ ಮೇಲೊಬ್ಬರಿಗೆ ಪಟ್ಟ ಕಟ್ಟುತ್ತ ಹೋದ. ಸೇನಾಪತಿಗಳು ಬದಲಾದರು, ಸೋಲು ಬದಲಾಗಲಿಲ್ಲ.

ಹಾಗಾದರೆ ಯಾರನ್ನೂ ಏನೂ ಅನ್ನಬಾರದೆ? ಹಾಗಲ್ಲ. ಮೂರು ಮಾತುಗಳನ್ನು ನಾವು ಒಂದರೊಳಗೊಂದು ಕಲಸಿಬಿಟ್ಟಿದ್ದೇವೆ, ಅವನ್ನು ಬಿಡಿಸಿಡಬೇಕು. ಒಂದು, ತಪ್ಪು: ಬಿಡಬಾರದ ಚೆಂಡನ್ನು ಬಿಟ್ಟದ್ದು ತಪ್ಪು, ಅದು ಅವರದೇ. ಎರಡು, ಹೊಣೆ: ಮುಂದೆ ನಿಂತವನು ತನ್ನದಲ್ಲದ ತಪ್ಪಿಗೂ ತಲೆಕೊಟ್ಟು ನಿಲ್ಲುವುದು. ಮೂರು, ನಿಂದೆ: ಎಲ್ಲರ ತಪ್ಪನ್ನೂ ಒಬ್ಬನ ಮೇಲೆ ಹೊರಿಸಿ ಉಳಿದವರು ಕೈತೊಳೆದುಕೊಳ್ಳುವುದು. ತಪ್ಪನ್ನು ತಿದ್ದಬಹುದು, ಹೊಣೆಯನ್ನು ಗೌರವಿಸಬೇಕು, ನಿಂದೆಯಿಂದ ಮಾತ್ರ ಯಾರಿಗೂ ಪ್ರಯೋಜನವಿಲ್ಲ, ಏಕೆಂದರೆ ಅದು ನಿಜವಾದ ಕಾರಣಗಳನ್ನು ಹುಡುಕುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಹೊಣೆ ಎಂದರೇನೆಂಬುದನ್ನು ವಿಶ್ವನಾಥರೇ ನಮಗೆ ತೋರಿಸಿದ್ದಾರೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸ್ವರ್ಣಮಹೋತ್ಸವ ಟೆಸ್ಟಿನಲ್ಲಿ ಅವರು ಭಾರತದ ನಾಯಕರು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಅನಂತರ ಬಾಬ್ ಟೇಲರ್ ಔಟೆಂದು ಅಂಪೈರು ತೀರ್ಪು ಕೊಟ್ಟರು. ಚೆಂಡು ಬ್ಯಾಟಿಗೆ ತಗಲಿಲ್ಲವೆಂದು ಮನಗಂಡ ವಿಶ್ವನಾಥರು ಆತನನ್ನು ಹಿಂದಕ್ಕೆ ಕರೆದರು. ಟೇಲರ್ ಮತ್ತು ಬಾಥಮ್ ಜೊತೆಯಾಟ 171 ರನ್ನಿಗೆ ಬೆಳೆಯಿತು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಈ ಸೋಲಿನಲ್ಲಿ ಅವರ ಪಾಲು ಪಾಕಿಸ್ತಾನದ ಸೋಲುಗಳಿಗಿಂತ ಎಷ್ಟೋ ಸ್ಪಷ್ಟವಾದದ್ದು. ಆದರೆ ಇಂದು ಅದನ್ನು ಯಾರೂ ಅಪರಾಧವೆನ್ನುವುದಿಲ್ಲ. ಕ್ರೀಡೆಯ ಮರ್ಯಾದೆ ಎಂಬ ಮಾತು ಬಂದಾಗಲೆಲ್ಲ ಆ ಪಂದ್ಯವನ್ನೇ ಮುಂದಿಡುತ್ತೇವೆ. ಅಂದಮೇಲೆ, ಸೋಲಿಗೆ ಕಾರಣನಾದವನೆಲ್ಲ ದೂಷಣೆಗೆ ಅರ್ಹನಲ್ಲ ಎಂಬುದು ನಮಗೆ ಒಳಗೊಳಗೇ ಗೊತ್ತಿದೆ ಎಂದಾಯಿತು.

ತಂಡದಿಂದ ಕೈಬಿಟ್ಟದ್ದನ್ನೂ ಈ ಬೆಳಕಿನಲ್ಲಿ ನೋಡಬೇಕು. ಒಬ್ಬನನ್ನು ಕೈಬಿಡುವುದು ನಾಳೆಯನ್ನು ಕುರಿತ ನಿರ್ಧಾರ. ನಾಳೆ ಇನ್ನೊಬ್ಬ ಹೆಚ್ಚು ರನ್ನು ತರಬಹುದೆಂಬ ಊಹೆ. ಒಬ್ಬನನ್ನು ದೂರುವುದು ನಿನ್ನೆಯನ್ನು ಕುರಿತ ತೀರ್ಪು. ಮೊದಲನೆಯದನ್ನು ಮಾಡುವ ಅಧಿಕಾರ ಆಯ್ಕೆಗಾರರಿಗಿದೆ, ಅದು ಸರಿಯಾಗಿಯೂ ಇರಬಹುದು. ಆದರೆ ಕೈಬಿಟ್ಟರು, ಆದ್ದರಿಂದ ಅವನೇ ಅಪರಾಧಿ ಎಂದು ಚಹದ ಅಂಗಡಿಯ ಬೆಂಚಿನ ಮೇಲೆ ನಾವು ತೆಗೆದ ಅರ್ಥ ಮಾತ್ರ ಸರಿಯಲ್ಲ.

ಆ ಬೆಂಚಿನ ಮೇಲೆ ಕುಳಿತಿದ್ದವರಿಗೆ ಇದು ತಿಳಿಯದ ಮಾತೇನೂ ಆಗಿರಲಿಲ್ಲ. ಅವರು ಕಬ್ಬಿಣದ ಕಾರ್ಖಾನೆಯ ಜನ. ಅಲ್ಲಿ ಊದುಕುಲುಮೆ ಉರಿಯತೊಡಗಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಸುಣ್ಣಕಲ್ಲು, ಹದವಾದ ಗಾಳಿ, ಇಷ್ಟೂ ಕೂಡಿದರೆ ಕಬ್ಬಿಣ. ಕರಗಿದ ಲೋಹ ಕೆಟ್ಟು ಬಂದ ದಿನ ಕುಲುಮೆಯ ಬಾಯಿ ತೆರೆದವನೊಬ್ಬನನ್ನೇ ಹಿಡಿದು ಕೇಳಿದರೆ ಅವರು ನಗುತ್ತಿದ್ದರು. ಅದಿರು ಹೇಗಿತ್ತು, ಇದ್ದಿಲು ಹಸಿಯಾಗಿತ್ತೆ, ಗಾಳಿ ಸರಿಯಿತ್ತೆ ಎಂದು ಮೊದಲು ನೋಡುತ್ತಿದ್ದರು. ಮುಂದೆ ಕಾಲ ತಿರುಗಿತು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. 2023ರಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ, ಕೆಲಸಗಾರರು ಮೈಗಳ್ಳರಾದರು, ಅದಕ್ಕೇ ಹೀಗಾಯಿತು ಎಂದು ದೂರದಲ್ಲಿ ಕುಳಿತವರು ಸುಲಭವಾಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಗಣಿಯ ಮಾತು, ಬಂಡವಾಳದ ಮಾತು, ಹಳತಾದ ಯಂತ್ರಗಳ ಮಾತು ಯಾರ ಬಾಯಲ್ಲೂ ಬರಲಿಲ್ಲ. ಜೀವಮಾನವಿಡೀ ಬೆಂಕಿಯ ಮುಂದೆ ನಿಂತವರಿಗೆ ಆ ಮಾತು ಎಷ್ಟು ಉರಿದಿರಬೇಕೆಂದು ಯೋಚಿಸಿದಾಗ, ನಲವತ್ತು ವರ್ಷ ಹಿಂದೆ ಅದೇ ಊರಿನಲ್ಲಿ, ಅದೇ ಊರಿನ ಮಗನೊಬ್ಬನನ್ನು ಕುರಿತು ನಾವು ಆಡಿದ ಮಾತು ನನಗೆ ನೆನಪಾಯಿತು.

ವಿಶಿ ಕೈಕೊಟ್ಟದ್ದು ನಿಜ. ಆದರೆ ಕೈಕೊಟ್ಟವರು ಅವರೊಬ್ಬರೇ ಅಲ್ಲ. ಹದಿಮೂರು ವರ್ಷ ಅವರ ಕೈಹಿಡಿದು ನಡೆದು, ಎಡವಿದ ಮೊದಲ ಚಳಿಗಾಲದಲ್ಲೇ ಆ ಕೈಯನ್ನು ಬಿಟ್ಟ ನಾವೂ ಆ ಲೆಕ್ಕದಲ್ಲಿ ಸೇರಬೇಕಾದವರು.